ಬೇರೆಬೇರೆ ಮೂಲಗಳ ಇ-ಪುಸ್ತಕಗಳನ್ನು ಇ-ರೀಡರ್‌ಗೆ ಸೇರಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಇ-ರೀಡರ್ ತಯಾರಿಸಿದ ಕಂಪನಿಯ ಮಳಿಗೆಯಲ್ಲೇ ಪುಸ್ತಕ ಕೊಳ್ಳುತ್ತಿರುವವರೆಗೆ ಯಾವ ತೊಡಕೂ ಎದುರಾಗುವುದಿಲ್ಲ. ಹಣ ಪಾವತಿಯಾದ ಸ್ವಲ್ಪ ಹೊತ್ತಿನಲ್ಲೇ ಪುಸ್ತಕ ಪರದೆಯ ಮೇಲೆ ಬಂದಿರುತ್ತದೆ. ಆದರೆ ಹಕ್ಕುಸ್ವಾಮ್ಯ ಮುಗಿದ ಕೃತಿಯೊಂದನ್ನು ಅಂತರ್ಜಾಲದ ಭಂಡಾರದಿಂದ ಇಳಿಸಿಕೊಂಡಾಗ, ಬೇರೊಂದು ಮಳಿಗೆಯಲ್ಲಿ ಪುಸ್ತಕ ಕೊಂಡಾಗ, ಗ್ರಂಥಾಲಯದಿಂದ ಎರವಲು ಪಡೆದಾಗ ಅಥವಾ ಗೆಳೆಯರೊಬ್ಬರು ತಮ್ಮ ಬರಹದ ಕರಡನ್ನು ಕಳುಹಿಸಿದಾಗ ಕಥೆ ಬದಲಾಗುತ್ತದೆ. ಕೇಬಲ್ ಜೋಡಿಸಿ ಕಡತವನ್ನು ನಕಲು ಮಾಡಿದರೂ ಪುಸ್ತಕ ಪಟ್ಟಿಯಲ್ಲಿ ಕಾಣುವುದಿಲ್ಲ; ಕಂಡರೂ ತೆರೆಯುವುದಿಲ್ಲ; ತೆರೆದರೂ ಅಕ್ಷರಗಳು ಓದುವ ಹಾಗಿರುವುದಿಲ್ಲ.

ಇಂಥ ಸಂದರ್ಭಗಳಲ್ಲಿ ನಕಲು ಮಾಡುವ ಕೆಲಸದಲ್ಲೇ ತಪ್ಪಾಗಿರುವುದು ಅಪರೂಪ. ಕಡತ ಯಾವ ಬಗೆಯದು, ಅದಕ್ಕೆ ಬೀಗ ಹಾಕಲಾಗಿದೆಯೇ, ನಮ್ಮ ಸಾಧನವು ಯಾವ ದಾರಿಯಿಂದ ಬಂದ ಪುಸ್ತಕವನ್ನು ಒಪ್ಪಿಕೊಳ್ಳುತ್ತದೆ ಎಂಬ ಮೂರು ಸಂಗತಿಗಳನ್ನು ಕೇಬಲ್ ಕೈಗೆತ್ತಿಕೊಳ್ಳುವ ಮೊದಲೇ ತಿಳಿದುಕೊಂಡರೆ ಉಳಿದ ಕೆಲಸ ಸುಲಭವಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಮೊದಲು ಆ ಮೂರನ್ನು ವಿವರಿಸಿ, ಅನಂತರ ಒಂದೊಂದು ಮೂಲದಿಂದ ಒಂದೊಂದು ಸಾಧನಕ್ಕೆ ಹೋಗುವ ಹಾದಿಯನ್ನು ನೋಡೋಣ.

ಕಡತದ ಬಗೆಯನ್ನು ಗುರುತಿಸುವುದು

ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ಬಳಿಕ ಬರುವ ಅಕ್ಷರಗಳು ಅದರ ಬಗೆಯನ್ನು ಹೇಳುತ್ತವೆ. ಅನೇಕ ಕಂಪ್ಯೂಟರ್‌ಗಳು ಈ ಬಾಲವನ್ನು ತಾವಾಗಿಯೇ ಮರೆಮಾಡಿರುವುದರಿಂದ, ಫೋಲ್ಡರ್ ಸೆಟ್ಟಿಂಗ್‌ನಲ್ಲಿ ಅದು ಕಾಣುವಂತೆ ಮಾಡಿಕೊಳ್ಳುವುದು ಮೊದಲ ಕೆಲಸ.

ಇಪಬ್ ಎಂಬುದು ಇಂದು ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುವ ನಾಣ್ಯ. 2007ರಲ್ಲಿ ಅಧಿಕೃತ ಮಾನದಂಡವಾದ ಇದರ ಮೂರನೆಯ ಆವೃತ್ತಿ 2011ರಲ್ಲಿ ಬಂತು. ಇಪಬ್ ಕಡತವೆಂದರೆ ನಿಜವಾಗಿ ಒಂದು ಜಿಪ್ ಕಡತ: ಪುಸ್ತಕದ ನಕಲೊಂದನ್ನು ತೆಗೆದುಕೊಂಡು ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಡಿಸಿದರೆ, ಒಳಗೆ ಅಧ್ಯಾಯಗಳ ವೆಬ್ ಪುಟಗಳು, ವಿನ್ಯಾಸವನ್ನು ಹೇಳುವ ಕಡತ, ಚಿತ್ರಗಳು, ಪರಿವಿಡಿ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ. ಪಠ್ಯವು ಪುಟದ ಅಳತೆಗೆ ಕಟ್ಟುಬಿದ್ದಿಲ್ಲದ ಕಾರಣ ಅಕ್ಷರವನ್ನು ಹಿಗ್ಗಿಸಿದರೆ ಸಾಲುಗಳು ಮರುಜೋಡಣೆಯಾಗುತ್ತವೆ. ಯಾವುದೇ ಮೂಲದಲ್ಲಿ ಆಯ್ಕೆಯಿದ್ದರೆ ಇಪಬ್ ಅನ್ನೇ ಇಳಿಸಿಕೊಂಡು ಇಟ್ಟುಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಸಲಹೆ. ಅದರಿಂದ ಬೇರೆ ಬಗೆಗಳಿಗೆ ಪರಿವರ್ತಿಸುವುದು ಸುಲಭ.

ಮೊಬಿ, ಎಜೆಡ್‌ಡಬ್ಲ್ಯು3, ಕೆಎಫ್‌ಎಕ್ಸ್ ಇವು ಅಮೆಜಾನ್ ಕಂಪನಿಯ ಇ-ರೀಡರ್ ಆದ ಕಿಂಡಲ್ ಪರಿವಾರದವು. ಮೊಬಿಯನ್ನು ರೂಪಿಸಿದ್ದು ಮೊಬಿಪಾಕೆಟ್ ಎಂಬ ಫ್ರೆಂಚ್ ಕಂಪನಿ. 2005ರಲ್ಲಿ ಅದನ್ನು ಅಮೆಜಾನ್ ಕೊಂಡುಕೊಂಡಿತು. ಮೊಬಿ ಈಗ ಹಳತಾಗಿದೆ. ಕಿಂಡಲ್‌ಗೆ ಕೇಬಲ್ ಮೂಲಕ ಪುಸ್ತಕ ಹಾಕುವವರಿಗೆ ಎಜೆಡ್‌ಡಬ್ಲ್ಯು3 ಒಳ್ಳೆಯ ಆಯ್ಕೆ. ಪಿಡಿಎಫ್ ಮುದ್ರಿತ ಪುಟದ ಪಡಿಯಚ್ಚು. ಅದರ ವಿಚಾರ ಬೇರೆಯೇ ಇರುವುದರಿಂದ ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಇನ್ನೊಂದು ಕಡತ ಓದುಗರನ್ನು ಬಹಳ ಗೊಂದಲಕ್ಕೆ ತಳ್ಳುತ್ತದೆ: ಎಸಿಎಸ್‌ಎಂ. ಮಳಿಗೆಯಿಂದಲೋ ಗ್ರಂಥಾಲಯದಿಂದಲೋ ಪುಸ್ತಕ ಇಳಿಸಿದಾಗ ಕೆಲವೇ ಕಿಲೋಬೈಟ್ ಗಾತ್ರದ ಈ ಕಡತ ಸಿಕ್ಕಿದರೆ, ಅದು ಪುಸ್ತಕವಲ್ಲ, ಪುಸ್ತಕ ಪಡೆಯುವ ಚೀಟಿ ಮಾತ್ರ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೃತಿಯ ಹೆಸರು, ಪ್ರಕಾಶಕರ ಹೆಸರು, ಕಡತ ಸಿಗುವ ಸರ್ವರ್‌ನ ವಿಳಾಸ ಮುಂತಾದವು ಕಾಣುತ್ತವೆಯೇ ಹೊರತು ಕೃತಿಯ ಒಂದು ಸಾಲೂ ಇರುವುದಿಲ್ಲ. ಇದನ್ನು ಇ-ರೀಡರ್‌ಗೆ ನೇರವಾಗಿ ನಕಲು ಮಾಡಿದರೆ ಪ್ರಯೋಜನವಿಲ್ಲ.

ಬೀಗದ ವಿಚಾರ

ಡಿಆರ್‌ಎಂ ಎಂದು ಕರೆಯಲಾಗುವ ಡಿಜಿಟಲ್ ಬೀಗವನ್ನು ಹಲವು ಪ್ರಕಾಶಕರು ತಮ್ಮ ಪುಸ್ತಕಗಳಿಗೆ ಹಾಕಿಸುತ್ತಾರೆ. ಕಡತದ ಬಗೆ ಒಂದೇ ಆಗಿದ್ದರೂ ಬೀಗ ಬೇರೆಯಾಗಿದ್ದರೆ ಪುಸ್ತಕ ತೆರೆಯುವುದಿಲ್ಲ: ಅಡೋಬಿ ಕಂಪನಿಯ ಬೀಗವಿರುವ ಇಪಬ್ ಕೋಬೋ ಎಂಬ ಇ-ರೀಡರ್‌ನಲ್ಲಿ ತೆರೆಯುತ್ತದೆ, ಕಿಂಡಲ್‌ನಲ್ಲಿ ತೆರೆಯುವುದಿಲ್ಲ, ಆಪಲ್ ಬುಕ್ಸ್‌ನ ಬೀಗವಿರುವ ಇಪಬ್ ಆಪಲ್ ಸಾಧನಗಳ ಹೊರಗೆ ಎಲ್ಲೂ ತೆರೆಯುವುದಿಲ್ಲ. ಬೀಗ ಮುರಿಯುವುದು ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಆದ್ದರಿಂದ ಆ ಹಾದಿಯನ್ನು ಇಲ್ಲಿ ವಿವರಿಸುವುದಿಲ್ಲ. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಕೊಳ್ಳುವ ಮೊದಲೇ ನೋಡಿಕೊಳ್ಳುವುದು. ಪುಸ್ತಕದ ಮಾರಾಟ ಪುಟದಲ್ಲಿ ಅದು ಡಿಆರ್‌ಎಂ ಇಲ್ಲದ ಪ್ರತಿಯೇ, ಯಾವ ಬಗೆಯ ಕಡತ ಸಿಗುತ್ತದೆ ಎಂಬುದನ್ನು ಬಹಳಷ್ಟು ಮಳಿಗೆಗಳು ತಿಳಿಸುತ್ತವೆ. ಒಂದೇ ಕೃತಿ ಪ್ರಕಾಶಕರ ಸ್ವಂತ ತಾಣದಲ್ಲಿ ಬೀಗವಿಲ್ಲದೆ ಸಿಗುವ ಸಾಧ್ಯತೆಯೂ ಇರುವುದರಿಂದ ಅಲ್ಲಿಗೂ ಒಮ್ಮೆ ಹೋಗಿ ನೋಡುವುದು ಲೇಸು.

ಕೊಂಡ ಪುಸ್ತಕ ಸದಾ ನಮ್ಮ ಕೈಗೆಟಕುವಂತೆ ಇರುತ್ತದೆಂಬ ನಂಬಿಕೆಯೂ ಸರಿಯಲ್ಲ. ತನ್ನ ಮಳಿಗೆಯಲ್ಲಿ ಕೊಂಡ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಕೇಬಲ್ ಮೂಲಕ ಸಾಧನಕ್ಕೆ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು. ಅಲ್ಲಿಯವರೆಗೆ ತಮ್ಮ ಪ್ರತಿಗಳನ್ನು ಇಳಿಸಿಟ್ಟುಕೊಳ್ಳದವರಿಗೆ ಆ ಬಾಗಿಲು ಮುಚ್ಚಿತು. ಇ-ರೀಡರ್ ಓದುವ ಸಾಧನ ಮಾತ್ರ, ಪುಸ್ತಕಗಳ ಕಪಾಟು ನಮ್ಮ ಕಂಪ್ಯೂಟರ್‌ನಲ್ಲಿ ಇರಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮೊದಲು ಕಪಾಟು: ಕ್ಯಾಲಿಬರ್

ಈ ಕಪಾಟಿಗೆ ಕ್ಯಾಲಿಬರ್‌ಗಿಂತ ಉತ್ತಮವಾದ ತಂತ್ರಾಂಶ ನನಗೆ ತಿಳಿದ ಮಟ್ಟಿಗೆ ಇಲ್ಲ. ಕೋವಿದ್ ಗೋಯಲ್ ಅವರು ಸೋನಿಯ ಇ-ರೀಡರ್‌ಗಾಗಿ 2006ರಲ್ಲಿ ಬರೆಯತೊಡಗಿದ ಈ ತಂತ್ರಾಂಶ ಉಚಿತವಾದುದು, ಮುಕ್ತ ಆಕರದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು.

ಅನುಸ್ಥಾಪಿಸಿದ ಬಳಿಕ ಮೊದಲ ಬಾರಿ ತೆರೆದಾಗ ಪುಸ್ತಕಗಳನ್ನು ಎಲ್ಲಿ ಇಡಬೇಕು, ನಿಮ್ಮ ಸಾಧನ ಯಾವುದು ಎಂದು ಅದು ಕೇಳುತ್ತದೆ. ಸಾಧನವನ್ನು ಸರಿಯಾಗಿ ಆಯ್ದುಕೊಂಡರೆ ಮುಂದಿನ ಪರಿವರ್ತನೆಗಳೆಲ್ಲ ಅದಕ್ಕೆ ಹೊಂದುವಂತೆ ಆಗುತ್ತವೆ. ಆನಂತರ ‘ಆ್ಯಡ್ ಬುಕ್ಸ್’ ಗುಂಡಿಯನ್ನು ಒತ್ತಿ ಅಥವಾ ಕಡತಗಳನ್ನು ಎಳೆದು ತಂದು ಕಿಟಕಿಯೊಳಗೆ ಬಿಟ್ಟು ಪುಸ್ತಕಗಳನ್ನು ಸೇರಿಸಬಹುದು. ಕ್ಯಾಲಿಬರ್ ಪ್ರತಿ ಪುಸ್ತಕದ ನಕಲನ್ನು ಲೇಖಕರ ಹೆಸರಿನ ಫೋಲ್ಡರ್‌ನೊಳಗೆ ತಾನೇ ಜೋಡಿಸಿಡುತ್ತದೆ. ಈ ಫೋಲ್ಡರ್‌ಗಳನ್ನು ನಾವು ಕೈಯಾರೆ ತೆರೆದು ಹೆಸರು ಬದಲಿಸಬಾರದು, ಕಡತಗಳನ್ನು ಅತ್ತಿತ್ತ ಸರಿಸಬಾರದು. ಹಾಗೆ ಮಾಡಿದರೆ ತಂತ್ರಾಂಶದ ಪಟ್ಟಿಗೂ ಡಿಸ್ಕಿನಲ್ಲಿರುವುದಕ್ಕೂ ತಾಳೆ ತಪ್ಪುತ್ತದೆ.

ಸಾಧನಕ್ಕೆ ಕಳುಹಿಸುವ ಮೊದಲು ಪುಸ್ತಕದ ವಿವರಗಳನ್ನು ತಿದ್ದಿಕೊಳ್ಳುವುದು ಬಹಳ ಮುಖ್ಯ. ಈ ಹಂತವನ್ನು ಅನೇಕರು ಬಿಟ್ಟುಬಿಡುತ್ತಾರೆ. ಆಮೇಲೆ ನೂರಾರು ಪುಸ್ತಕಗಳ ನಡುವೆ ಹುಡುಕಾಡುತ್ತಾರೆ. ಪುಸ್ತಕವನ್ನು ಆಯ್ದು ‘ಎಡಿಟ್ ಮೆಟಾಡೇಟಾ’ ಒತ್ತಿದರೆ ಶೀರ್ಷಿಕೆ, ಲೇಖಕರು, ಮಾಲೆ, ಪ್ರಕಾಶಕರು, ಭಾಷೆ, ಮುಖಪುಟ ಎಲ್ಲವೂ ಒಂದೇ ಕಡೆ ಬರುತ್ತವೆ. ಲೇಖಕರ ಹೆಸರನ್ನು ಎಲ್ಲ ಪುಸ್ತಕಗಳಲ್ಲೂ ಒಂದೇ ರೀತಿಯಲ್ಲಿ ಬರೆಯಬೇಕು: ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಪೂರ್ಣ ಹೆಸರು ಎಂದಾದರೆ ಇ-ರೀಡರ್ ಅವರನ್ನು ಮೂವರು ಬೇರೆ ಲೇಖಕರೆಂದು ತೋರಿಸುತ್ತದೆ. ಭಾಷೆಯ ಅಂಕಣವನ್ನು ಖಾಲಿ ಬಿಡಬಾರದು. ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವುದು, ಒತ್ತಿ ಹಿಡಿದಾಗ ಯಾವ ನಿಘಂಟು ತೆರೆಯಬೇಕೆಂಬುದು ಹಲವು ಸಾಧನಗಳಲ್ಲಿ ಇದನ್ನೇ ಅವಲಂಬಿಸಿದೆ.

ಪರಿವರ್ತನೆ ಬೇಕಾದರೆ ‘ಕನ್ವರ್ಟ್ ಬುಕ್ಸ್’ ಒತ್ತಿ, ಬಲಗಡೆಯ ಮೇಲ್ಮೂಲೆಯಲ್ಲಿ ಬೇಕಾದ ಬಗೆಯನ್ನು ಆರಿಸಿ ಮುಂದುವರಿಯಬೇಕು. ಮೂಲ ಕಡತ ಹಾಗೆಯೇ ಉಳಿದು ಹೊಸದು ಅದರ ಪಕ್ಕಕ್ಕೆ ಸೇರುತ್ತದೆ. ಪರಿವರ್ತಿಸಿದ ಪುಸ್ತಕವನ್ನು ಕ್ಯಾಲಿಬರ್‌ನ ಓದುಗ ಕಿಟಕಿಯಲ್ಲೇ ಒಮ್ಮೆ ತೆರೆದು, ಪರಿವಿಡಿಯ ಕೊಂಡಿಗಳು ಸರಿಯಾದ ಅಧ್ಯಾಯಕ್ಕೆ ಹೋಗುತ್ತವೆಯೇ ಎಂದು ನೋಡಿದರೆ ಮುಂದೆ ಸಮಯ ಉಳಿಯುತ್ತದೆ.

ಪುಸ್ತಕಗಳು ಬರುವ ಮೂಲಗಳು

ಉಚಿತ ಭಂಡಾರಗಳಲ್ಲಿ ಹಿರಿಯದು ಪ್ರಾಜೆಕ್ಟ್ ಗುಟೆನ್‌ಬರ್ಗ್. ಮೈಕೆಲ್ ಹಾರ್ಟ್ 1971ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಈಗ 70,000ಕ್ಕೂ ಹೆಚ್ಚು ಕೃತಿಗಳಿವೆ. ಪ್ರತಿ ಕೃತಿಯ ಪುಟದಲ್ಲಿ ಇಪಬ್, ಕಿಂಡಲ್, ಸಾದಾ ಪಠ್ಯ ಮುಂತಾದ ಆಯ್ಕೆಗಳಿರುತ್ತವೆ. ಹೊಸ ಸಾಧನವಿರುವವರು ಇಪಬ್ 3 ಎಂದಿರುವುದನ್ನು ಆರಿಸಿಕೊಳ್ಳಬಹುದು. ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ತಾಣವು ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನೇ ತೆಗೆದುಕೊಂಡು, ಕರಡು ತಿದ್ದಿ, ಅಚ್ಚುಕಟ್ಟಾದ ವಿನ್ಯಾಸದೊಂದಿಗೆ ಕೊಡುತ್ತದೆ. ಕೋಬೋ ಮತ್ತು ಕಿಂಡಲ್‌ಗೆ ಪ್ರತ್ಯೇಕ ಕಡತಗಳೇ ಅಲ್ಲಿ ಸಿಗುತ್ತವೆ. ವಿಕಿಸೋರ್ಸ್‌ನಲ್ಲಿ ಯಾವುದೇ ಭಾಷೆಯ ಕೃತಿಯನ್ನು ಇಪಬ್ ಆಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಕನ್ನಡಕ್ಕೂ ಪ್ರತ್ಯೇಕ ವಿಕಿಸೋರ್ಸ್ ಇರುವುದರಿಂದ ಕನ್ನಡದ ಓದುಗರು ಇದನ್ನು ಅಗತ್ಯವಾಗಿ ನೋಡಬೇಕು.

ಇಂಟರ್ನೆಟ್ ಆರ್ಕೈವ್‌ನ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಅಲ್ಲಿನ ಹಳೆಯ ಪುಸ್ತಕಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಅವುಗಳ ಇಪಬ್ ಆವೃತ್ತಿಯನ್ನು ಯಂತ್ರವೇ ಚಿತ್ರದಿಂದ ಅಕ್ಷರ ಗುರುತಿಸಿ ಸಿದ್ಧಪಡಿಸಿರುತ್ತದೆ. ಪುಟಸಂಖ್ಯೆ, ಮೇಲ್ತುದಿಯ ಶೀರ್ಷಿಕೆಗಳು ವಾಕ್ಯದ ನಡುವೆ ನುಗ್ಗಿರುವುದೂ ಉಂಟು. ಕೆಲವು ಪುಟ ಓದಿ ನೋಡಿ, ತಪ್ಪುಗಳು ಹೆಚ್ಚಿದ್ದರೆ ಪಿಡಿಎಫ್ ಅನ್ನೇ ಆರಿಸಿಕೊಳ್ಳುವುದು ಮೇಲು.

ಬೇರೆ ಮಳಿಗೆಗಳಲ್ಲಿ ಕೊಂಡ ಪುಸ್ತಕಕ್ಕೆ ಬೀಗವಿಲ್ಲದಿದ್ದರೆ ನೇರವಾಗಿ ಇಪಬ್ ಸಿಗುತ್ತದೆ. ಅಡೋಬಿಯ ಬೀಗವಿದ್ದರೆ ಎಸಿಎಸ್‌ಎಂ ಸಿಗುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಆಯ್ಕೆಯಿಂದ, ಕೋಬೋ ತಾಣದಲ್ಲಿ ನಮ್ಮ ಖಾತೆಯ ಪುಸ್ತಕಪಟ್ಟಿಯಿಂದ ಈ ಕಡತಗಳನ್ನು ಪಡೆಯಬಹುದು. ಎಸಿಎಸ್‌ಎಂ ಸಿಕ್ಕಾಗ ಅನುಸರಿಸಬೇಕಾದ ಕ್ರಮ ಹೀಗಿದೆ. ಮೊದಲು ಅಡೋಬಿ ಡಿಜಿಟಲ್ ಎಡಿಷನ್ಸ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಂಡು, ಅಡೋಬಿ ಐಡಿ ರಚಿಸಿ, ‘ಹೆಲ್ಪ್’ ಪಟ್ಟಿಯಲ್ಲಿರುವ ‘ಆಥರೈಸ್ ಕಂಪ್ಯೂಟರ್’ ಮೂಲಕ ಆ ಐಡಿಯನ್ನು ನೋಂದಾಯಿಸಬೇಕು. ಐಡಿ ಇಲ್ಲದೆಯೂ ನೋಂದಾಯಿಸುವ ಆಯ್ಕೆ ಅಲ್ಲಿ ಕಾಣುತ್ತದೆ. ಅದನ್ನು ಆರಿಸಬಾರದು, ಏಕೆಂದರೆ ಆಗ ಪುಸ್ತಕ ಆ ಒಂದೇ ಕಂಪ್ಯೂಟರ್‌ಗೆ ಕಟ್ಟುಬೀಳುತ್ತದೆ. ಅನಂತರ ಎಸಿಎಸ್‌ಎಂ ಕಡತವನ್ನು ಈ ತಂತ್ರಾಂಶದಲ್ಲಿ ತೆರೆದರೆ ನಿಜವಾದ ಪುಸ್ತಕ ಇಳಿಯುತ್ತದೆ. ಇ-ರೀಡರ್ ಅನ್ನು ಜೋಡಿಸಿ ಅದನ್ನೂ ಅದೇ ಐಡಿಗೆ ನೋಂದಾಯಿಸಿ, ಪುಸ್ತಕವನ್ನು ಎಳೆದು ಎಡಭಾಗದಲ್ಲಿ ಕಾಣುವ ಸಾಧನದ ಹೆಸರಿನ ಮೇಲೆ ಬಿಟ್ಟರೆ ಕೆಲಸ ಮುಗಿಯಿತು. ಕೋಬೋ, ಪಾಕೆಟ್‌ಬುಕ್ ಮೊದಲಾದ ಇ-ರೀಡರ್‌ಗಳು ಈ ದಾರಿಯನ್ನು ಒಪ್ಪುತ್ತವೆ, ಕಿಂಡಲ್ ಒಪ್ಪುವುದಿಲ್ಲ.

ಗ್ರಂಥಾಲಯದ ಎರವಲು ಪುಸ್ತಕಗಳಿಗೂ ಬಹುಮಟ್ಟಿಗೆ ಇದೇ ಕ್ರಮ. ವ್ಯತ್ಯಾಸವಿಷ್ಟೇ, ಅವಧಿ ಮುಗಿದ ಮೇಲೆ ಕಡತ ತೆರೆಯುವುದಿಲ್ಲ. ಬೇಗ ಓದಿ ಮುಗಿಸಿದವರು ಅಡೋಬಿ ತಂತ್ರಾಂಶದಲ್ಲಿ ಪುಸ್ತಕದ ಮೇಲೆ ಬಲ ಕ್ಲಿಕ್ ಮಾಡಿ ಅವಧಿಗೆ ಮೊದಲೇ ಹಿಂದಿರುಗಿಸಬಹುದು. ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬ ಓದುಗರಿಗೆ ಅದರಿಂದ ಉಪಕಾರವಾಗುತ್ತದೆ. ಕೋಬೋದ ಬಹುತೇಕ ಮಾದರಿಗಳಲ್ಲಿ ಗ್ರಂಥಾಲಯಗಳ ಇ-ಪುಸ್ತಕಗಳನ್ನು ಎರವಲು ಕೊಡುವ ಓವರ್‌ಡ್ರೈವ್ ಸೇವೆ ಒಳಗೇ ಇರುವುದರಿಂದ, ಗ್ರಂಥಾಲಯವು ಆ ಸೇವೆಯನ್ನು ಪಡೆದಿದ್ದರೆ, ಕಂಪ್ಯೂಟರ್ ಇಲ್ಲದೆಯೇ ಎರವಲು ಪಡೆಯಬಹುದು. ಓವರ್‌ಡ್ರೈವ್‌ನದೇ ಆದ ಲಿಬಿ ಆ್ಯಪ್‌ನಿಂದ ಕಿಂಡಲ್‌ಗೆ ಪುಸ್ತಕ ಕಳುಹಿಸುವ ಸೌಲಭ್ಯ ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ ಸೀಮಿತ.

ಕಿಂಡಲ್‌ಗೆ ಸೇರಿಸುವ ದಾರಿಗಳು

ಕೇಬಲ್ ಮೂಲಕ ಹಾಕಿದ ಇಪಬ್ ಅನ್ನು ಕಿಂಡಲ್ ತೋರಿಸುವುದಿಲ್ಲ, ಆದರೆ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಕಳುಹಿಸಿದ ಇಪಬ್ ಅನ್ನು ತೋರಿಸುತ್ತದೆ. ವಿಚಿತ್ರವೆನಿಸಿದರೂ ಕಾರಣ ಸರಳ: ಸೇವೆಯು 2022ರಿಂದ ಇಪಬ್ ಅನ್ನು ಸ್ವೀಕರಿಸಿ, ದಾರಿಯಲ್ಲೇ ಅದನ್ನು ಕಿಂಡಲ್‌ನ ಬಗೆಗೆ ಪರಿವರ್ತಿಸಿ ಸಾಧನಕ್ಕೆ ಇಳಿಸುತ್ತದೆ. ಕೇಬಲ್‌ನ ದಾರಿಯಲ್ಲಿ ಆ ಪರಿವರ್ತನೆಯನ್ನು ನಾವೇ ಮಾಡಿಕೊಳ್ಳಬೇಕು.

ಸೇವೆಯನ್ನು ಬಳಸುವ ಅತಿ ಸುಲಭ ವಿಧಾನವೆಂದರೆ ಬ್ರೌಸರ್‌ನಲ್ಲಿ ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಪುಟವನ್ನು ತೆರೆದು, ಕಿಂಡಲ್‌ನಲ್ಲಿರುವ ಖಾತೆಯಿಂದಲೇ ಲಾಗಿನ್ ಆಗಿ, ಕಡತವನ್ನು ಎಳೆದು ಬಿಡುವುದು. ಇಲ್ಲಿ 200 ಎಂಬಿವರೆಗಿನ ಕಡತ ಹೋಗುತ್ತದೆ. ಇನ್ನೊಂದು ವಿಧಾನ ಇ-ಮೇಲ್. ಇದರ ಮಿತಿ 50 ಎಂಬಿ. ಪ್ರತಿ ಕಿಂಡಲ್‌ಗೂ ತನ್ನದೇ ಇ-ಮೇಲ್ ವಿಳಾಸವಿರುತ್ತದೆ. ಅಮೆಜಾನ್ ಖಾತೆಯಲ್ಲಿ ‘ಮ್ಯಾನೇಜ್ ಯುವರ್ ಕಂಟೆಂಟ್ ಆ್ಯಂಡ್ ಡಿವೈಸಸ್’ ಪುಟಕ್ಕೆ ಹೋಗಿ, ‘ಪ್ರಿಫರೆನ್ಸಸ್’ ವಿಭಾಗದ ‘ಪರ್ಸನಲ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್’ ತೆರೆದರೆ ಆ ವಿಳಾಸ ಕಾಣುತ್ತದೆ. ಅದೇ ಜಾಗದಲ್ಲಿ, ಯಾವ ಯಾವ ಇ-ಮೇಲ್‌ಗಳಿಂದ ಬಂದ ಕಡತಗಳನ್ನು ಸ್ವೀಕರಿಸಬೇಕೆಂಬ ಪಟ್ಟಿಯೂ ಇದೆ. ನಾವು ಕಳುಹಿಸುವ ವಿಳಾಸವನ್ನು ಆ ಪಟ್ಟಿಗೆ ಸೇರಿಸದೆ ಕಳುಹಿಸುವುದರಿಂದಲೇ ಬಹಳಷ್ಟು ಪುಸ್ತಕಗಳು ತಲುಪದೆ ಉಳಿಯುತ್ತವೆ. ವರ್ಡ್ ದಾಖಲೆಗಳು, ಸಾದಾ ಪಠ್ಯ, ವೆಬ್ ಪುಟದ ಕಡತಗಳು ಕೂಡ ಇದೇ ದಾರಿಯಲ್ಲಿ ಹೋಗುತ್ತವೆ. ಪಿಡಿಎಫ್ ಕಳುಹಿಸುವಾಗ ವಿಷಯದ ಸಾಲಿನಲ್ಲಿ ‘ಕನ್ವರ್ಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಪರಿವರ್ತನೆಯಾಗಿ ಬರುತ್ತದೆ.

ಈ ಸೇವೆಯ ಮೂಲಕ ಹೋದ ಪುಸ್ತಕ ಅಮೆಜಾನ್ ಸರ್ವರ್‌ನಲ್ಲಿ ಉಳಿಯುವುದರಿಂದ ಒಂದು ಅನುಕೂಲವಿದೆ: ಕಿಂಡಲ್‌ನಲ್ಲಿ ಓದು ನಿಲ್ಲಿಸಿದ ಜಾಗದಿಂದಲೇ ಫೋನಿನ ಕಿಂಡಲ್ ಆ್ಯಪ್‌ನಲ್ಲಿ ಮುಂದುವರಿಸಬಹುದು. ಕೇಬಲ್‌ನಲ್ಲಿ ಹಾಕಿದ್ದಕ್ಕೆ ಈ ಸೌಲಭ್ಯವಿಲ್ಲ. ಆದರೆ ಪ್ರಕಟವಾಗದ ಹಸ್ತಪ್ರತಿ, ಕಚೇರಿಯ ದಾಖಲೆ, ಇನ್ನೊಬ್ಬರು ನಂಬಿಕೆಯಿಂದ ಕೊಟ್ಟ ಬರಹ ಇಂಥವನ್ನು ಯಾವ ಕಂಪನಿಯ ಸರ್ವರ್‌ಗೂ ಏರಿಸದೆ ಕೇಬಲ್ ಮೂಲಕವೇ ಹಾಕಿಕೊಳ್ಳಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಕೇಬಲ್‌ನ ವಿಧಾನ ಹೀಗೆ: ಕ್ಯಾಲಿಬರ್‌ನಲ್ಲಿ ಪುಸ್ತಕವನ್ನು ಎಜೆಡ್‌ಡಬ್ಲ್ಯು3ಗೆ ಪರಿವರ್ತಿಸಿ, ಕಿಂಡಲ್ ಅನ್ನು ಕಂಪ್ಯೂಟರ್‌ಗೆ ಜೋಡಿಸಿ, ‘ಸೆಂಡ್ ಟು ಡಿವೈಸ್’ ಒತ್ತಬೇಕು. ಕ್ಯಾಲಿಬರ್ ಇಲ್ಲದೆ ಮಾಡುವವರು ಕಡತವನ್ನು ಕಿಂಡಲ್‌ನೊಳಗಿನ ‘ಡಾಕ್ಯುಮೆಂಟ್ಸ್’ ಫೋಲ್ಡರ್‌ಗೆ ನಕಲು ಮಾಡಿದರೆ ಸಾಕು. 2024ರಿಂದ ಬಂದ ಕಿಂಡಲ್ ಮಾದರಿಗಳು ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳದೆ, ಆಂಡ್ರಾಯ್ಡ್ ಫೋನ್‌ಗಳಂತೆ ಎಂಟಿಪಿ ವಿಧಾನದಲ್ಲಿ ಜೋಡಣೆಯಾಗುತ್ತವೆ. ಆದ್ದರಿಂದ ಮ್ಯಾಕ್‌ನ ಫೈಂಡರ್‌ನಲ್ಲಿ ಅವು ಕಾಣುವುದಿಲ್ಲ. ಕ್ಯಾಲಿಬರ್ ಮೂಲಕವೋ ಎಂಟಿಪಿ ಅರಿಯುವ ಬೇರೊಂದು ತಂತ್ರಾಂಶದ ಮೂಲಕವೋ ಕೆಲಸ ಮಾಡಬೇಕು. ಒಂದು ಹೊತ್ತಿಗೆ ಒಂದು ತಂತ್ರಾಂಶ ಮಾತ್ರ ಸಾಧನವನ್ನು ಹಿಡಿಯಬಲ್ಲದಾದ್ದರಿಂದ ಉಳಿದವನ್ನು ಮುಚ್ಚಿಡಬೇಕು.

ಕೋಬೋ ಮತ್ತು ಇತರ ಸಾಧನಗಳು

ಕೋಬೋದಲ್ಲಿ ಕೆಲಸ ಇನ್ನೂ ನೇರ. ಕೇಬಲ್ ಜೋಡಿಸಿದಾಗ ಪರದೆಯ ಮೇಲೆ ಬರುವ ‘ಕನೆಕ್ಟ್’ ಎಂಬುದನ್ನು ಒತ್ತಬೇಕು. ಒತ್ತದಿದ್ದರೆ ಸಾಧನ ಚಾರ್ಜ್ ಆಗುತ್ತದೆಯೇ ಹೊರತು ಕಂಪ್ಯೂಟರ್‌ಗೆ ಕಾಣುವುದಿಲ್ಲ. ಬಳಿಕ ಇಪಬ್ ಕಡತಗಳನ್ನು ನೇರವಾಗಿಯೋ ಹೊಸ ಫೋಲ್ಡರ್ ಮಾಡಿಯೋ ಹಾಕಬಹುದು. ಚುಕ್ಕಿಯಿಂದ ಆರಂಭವಾಗುವ ಹೆಸರಿನ ಫೋಲ್ಡರ್‌ಗಳು ಸಾಧನದ ಸ್ವಂತ ದಾಖಲೆಗಳು, ಅವುಗಳನ್ನು ಮುಟ್ಟಬಾರದು. ಸುರಕ್ಷಿತವಾಗಿ ‘ಇಜೆಕ್ಟ್’ ಮಾಡಿ ಕೇಬಲ್ ತೆಗೆದ ಮೇಲೆ ಸಾಧನವು ಹೊಸ ಪುಸ್ತಕಗಳನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ.

ಕೋಬೋಗೆ ಕೆಪಬ್ ಎಂಬ ತನ್ನದೇ ಬಗೆಯೊಂದಿದೆ. ಸಾಮಾನ್ಯ ಇಪಬ್‌ಗಿಂತ ಇದರಲ್ಲಿ ಪುಟಗಳು ಬೇಗ ಮಗುಚುತ್ತವೆ, ಅಧ್ಯಾಯದಲ್ಲಿ ಇನ್ನೆಷ್ಟು ಉಳಿದಿದೆ ಎಂಬ ಲೆಕ್ಕವೂ ಚೆನ್ನಾಗಿ ಸಿಗುತ್ತದೆ. 2025ರಲ್ಲಿ ಬಂದ ಕ್ಯಾಲಿಬರ್‌ನ 8ನೇ ಆವೃತ್ತಿಯಿಂದ ಈ ಬಗೆಗೆ ಪರಿವರ್ತಿಸಲು ಬೇರೆ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಬೇಕಿಲ್ಲ. ಫೋರ್ಮಾ, ಸೇಜ್, ಎಲಿಪ್ಸಾದಂಥ ಕೆಲವು ಮಾದರಿಗಳಲ್ಲಿ ಡ್ರಾಪ್‌ಬಾಕ್ಸ್ ಎಂಬ ಅಂತರ್ಜಾಲದ ಕಡತ ಸಂಗ್ರಹ ಸೇವೆಯನ್ನು ಜೋಡಿಸಿಕೊಂಡು ಕೇಬಲ್ ಇಲ್ಲದೆಯೂ ಪುಸ್ತಕ ತರಿಸಬಹುದು.

ಪಾಕೆಟ್‌ಬುಕ್ ಸಾಧನಗಳಿಗೆ ಕಿಂಡಲ್‌ನಂತೆಯೇ ಇ-ಮೇಲ್ ಮೂಲಕ ಕಳುಹಿಸುವ ಸೇವೆಯಿದೆ. ಬೂಕ್ಸ್‌ನಂಥ ಆಂಡ್ರಾಯ್ಡ್ ಆಧಾರಿತ ಸಾಧನಗಳಲ್ಲಿ ಆಯಾ ಮಳಿಗೆಯ ಆ್ಯಪ್ ಅನ್ನೇ ಹಾಕಿಕೊಳ್ಳಬಹುದಾದ್ದರಿಂದ ಬೀಗದ ತೊಡಕು ಬಹಳಷ್ಟು ಕಡಿಮೆ. ಹಲವು ಮಳಿಗೆಗಳಲ್ಲಿ ಪುಸ್ತಕ ಕೊಳ್ಳುವವರಿಗೆ ಈ ಬಗೆಯ ಸಾಧನವೇ ಹೊಂದುತ್ತದೆ. ಕೇಬಲ್ ಬೇಡವೆನ್ನುವವರಿಗೆ ಕ್ಯಾಲಿಬರ್‌ನಲ್ಲೂ ಒಂದು ದಾರಿಯಿದೆ: ‘ಕನೆಕ್ಟ್/ಷೇರ್’ ಗುಂಡಿಯಿಂದ ಕಂಟೆಂಟ್ ಸರ್ವರ್ ಚಾಲೂ ಮಾಡಿ, ಅದೇ ವೈಫೈನಲ್ಲಿರುವ ಇ-ರೀಡರ್‌ನ ಬ್ರೌಸರ್‌ನಲ್ಲಿ ಅಲ್ಲಿ ಕಾಣುವ ವಿಳಾಸವನ್ನು ಬರೆದರೆ ಇಡೀ ಕಪಾಟು ತೆರೆದುಕೊಳ್ಳುತ್ತದೆ.

ಪಿಡಿಎಫ್ ಎಂಬ ಕಠಿಣ ಪ್ರಕರಣ

ಎ4 ಅಳತೆಯ ಪುಟವನ್ನು ಆರು ಇಂಚಿನ ಪರದೆಗೆ ಕುಗ್ಗಿಸಿದರೆ ಅಕ್ಷರಗಳು ಇರುವೆಗಳಂತೆ ಕಾಣುತ್ತವೆ. ಪಿಡಿಎಫ್ ಅನ್ನು ಇಪಬ್‌ಗೆ ಪರಿವರ್ತಿಸಿದರಾಯಿತು ಎಂದು ಹೊರಟವರಿಗೆ ಮುರಿದ ಸಾಲುಗಳು, ವಾಕ್ಯದ ನಡುವೆ ಪುಟಸಂಖ್ಯೆಗಳು, ಅದಲುಬದಲಾದ ಅಂಕಣಗಳು ಎದುರಾಗುತ್ತವೆ. ಪಿಡಿಎಫ್‌ನಲ್ಲಿ ಪ್ಯಾರಾ ಎಲ್ಲಿ ಮುಗಿಯಿತೆಂಬ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿದೆ ಎಂಬುದಷ್ಟೇ ಇರುತ್ತದೆ. ಸರಳವಾದ, ಒಂದೇ ಅಂಕಣದ ಕಾದಂಬರಿಯಾದರೆ ಕ್ಯಾಲಿಬರ್‌ನ ‘ಹ್ಯೂರಿಸ್ಟಿಕ್ ಪ್ರೊಸೆಸಿಂಗ್’ (ಮುರಿದ ಸಾಲುಗಳನ್ನು ಊಹಿಸಿ ಜೋಡಿಸುವ ಆಯ್ಕೆ) ಚಾಲೂ ಮಾಡಿ ಪ್ರಯತ್ನಿಸಬಹುದು. ಕೋಷ್ಟಕ, ಸೂತ್ರ, ಅಡಿಟಿಪ್ಪಣಿಗಳಿರುವ ಪುಸ್ತಕವಾದರೆ ಪ್ರಯತ್ನಿಸದಿರುವುದೇ ಒಳಿತು.

ಅಂಥವಕ್ಕೆ ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ತಂತ್ರಾಂಶ ಬಹಳ ಉಪಕಾರಿ. ಅದು ಪುಟವನ್ನು ಚಿತ್ರವೆಂದೇ ಪರಿಗಣಿಸಿ, ಅಂಚುಗಳನ್ನು ಕತ್ತರಿಸಿ, ಸಾಲುಗಳನ್ನು ಸಣ್ಣ ಪರದೆಯ ಅಗಲಕ್ಕೆ ಹೊಂದುವಂತೆ ಮರುಜೋಡಿಸಿ ಹೊಸ ಪಿಡಿಎಫ್ ಕೊಡುತ್ತದೆ. ಅಕ್ಷರಗಳನ್ನು ಗುರುತಿಸುವ ಗೋಜಿಗೆ ಹೋಗದ ಕಾರಣ ಸ್ಕ್ಯಾನ್ ಮಾಡಿದ ಪುಸ್ತಕಗಳಿಗೂ, ಯಾವ ಲಿಪಿಗೂ ಇದು ಕೆಲಸ ಮಾಡುತ್ತದೆ. ಅಷ್ಟೂ ಬೇಡವೆಂದರೆ ಸಾಧನವನ್ನು ಅಡ್ಡ ತಿರುಗಿಸಿ ಓದುವುದರಿಂದಲೇ ಅಕ್ಷರಗಳು ಸಾಕಷ್ಟು ಹಿಗ್ಗುತ್ತವೆ.

ಕನ್ನಡ ಪುಸ್ತಕಗಳಿಗೆ ಬೇಕಾದ ವಿಶೇಷ ಎಚ್ಚರ

ಕನ್ನಡದ ಪಿಡಿಎಫ್ ಅನ್ನು ಪರಿವರ್ತಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕು: ಅದರಿಂದ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ನೋಡಬೇಕು. ಕನ್ನಡವೇ ಬಂದರೆ ಪಠ್ಯವು ಯೂನಿಕೋಡ್ ಎಂಬ, ಎಲ್ಲ ಭಾಷೆಗಳ ಅಕ್ಷರಗಳಿಗೂ ಬಳಸುವ ಸಂಕೇತ ಪದ್ಧತಿಯಲ್ಲಿದೆ ಎಂದರ್ಥ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಬಂದರೆ ಆ ಪುಸ್ತಕವನ್ನು ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಜೋಡಿಸಲಾಗಿದೆ; ಅದನ್ನು ಇಪಬ್ ಮಾಡಿದರೆ ಪುಸ್ತಕದ ತುಂಬ ಅದೇ ಕಲಸುಮೇಲೋಗರ ಇರುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಮೊದಲು ಬಳಸಬೇಕು, ಇಲ್ಲವೇ ಪಿಡಿಎಫ್ ಆಗಿಯೇ ಓದಬೇಕು.

ಯೂನಿಕೋಡ್ ಇದ್ದರೂ ಪರದೆಯ ಮೇಲೆ ಎರಡು ಬಗೆಯ ದೋಷ ಕಾಣಬಹುದು. ಅಕ್ಷರದ ಬದಲು ಖಾಲಿ ಚೌಕಗಳು ಬಂದರೆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಇದಕ್ಕೆ ಪರಿಹಾರವಿದೆ: ಕ್ಯಾಲಿಬರ್‌ನ ಪರಿವರ್ತನೆಯ ಕಿಟಕಿಯಲ್ಲಿ ‘ಲುಕ್ ಆ್ಯಂಡ್ ಫೀಲ್’ ವಿಭಾಗದ ಫಾಂಟ್ ಪುಟಕ್ಕೆ ಹೋಗಿ, ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಅನ್ನು ಪುಸ್ತಕದೊಳಗೇ ಅಡಕಗೊಳಿಸಬೇಕು, ಅನಂತರ ಇ-ರೀಡರ್‌ನಲ್ಲಿ ‘ಪಬ್ಲಿಷರ್ ಫಾಂಟ್’ ಆಯ್ಕೆಯನ್ನು ಆರಿಸಬೇಕು. ಎರಡನೆಯ ದೋಷ ಒತ್ತಕ್ಷರಗಳದು. ‘ಕ್ಷ’ ಎಂಬುದು ಕೂಡಿಕೊಳ್ಳದೆ ಕಕಾರ, ಅರ್ಧಚಿಹ್ನೆ, ಷಕಾರ ಬೇರೆಬೇರೆಯಾಗಿ ಕಂಡರೆ ತಪ್ಪು ಫಾಂಟ್‌ನದಲ್ಲದೆ ಅಕ್ಷರಗಳನ್ನು ಕೂಡಿಸಬೇಕಾದ ತಂತ್ರಾಂಶದ್ದೂ ಆಗಿರಬಹುದು. ಹಾಗಿದ್ದಲ್ಲಿ ಎಷ್ಟು ಫಾಂಟ್ ಬದಲಿಸಿದರೂ ಸರಿಹೋಗದು. ಸಾಧನದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿ ನೋಡಬೇಕು. ಅದರಿಂದಲೂ ಆಗದಿದ್ದರೆ ಕೋಬೋ, ಪಾಕೆಟ್‌ಬುಕ್‌ಗಳಲ್ಲಿ ಕೋರೀಡರ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಅದು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುವುದರಿಂದ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುತ್ತದೆ.

ಪುಸ್ತಕ ಕಾಣದಿದ್ದಾಗ

ಕಂಪ್ಯೂಟರ್‌ಗೆ ಸಾಧನವೇ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದುದು ಕೇಬಲ್ ಅನ್ನು. ಹಲವು ಕೇಬಲ್‌ಗಳು ಚಾರ್ಜ್ ಮಾಡುವುದಕ್ಕಷ್ಟೇ ಆಗುತ್ತವೆ, ದತ್ತಾಂಶ ಸಾಗಿಸುವುದಿಲ್ಲ; ಸಾಧನದ ಜೊತೆ ಬಂದ ಕೇಬಲ್ ಅನ್ನೇ ಹಾಕಿ ನೋಡಬೇಕು. ಸಾಧನ ಕಂಡು ಪುಸ್ತಕ ಕಾಣದಿದ್ದರೆ ಕಡತದ ಬಗೆಯನ್ನು ನೋಡಬೇಕು. ಪುಸ್ತಕ ಕಂಡು ತೆರೆಯದಿದ್ದರೆ ಬೀಗವನ್ನು, ಅಡೋಬಿ ಐಡಿ ಎರಡೂ ಕಡೆ ಒಂದೇ ಆಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ಬಹಳ ಪುಸ್ತಕಗಳನ್ನು ಒಮ್ಮೆಗೇ ಹಾಕಿದಾಗ ಸಾಧನವು ಅವನ್ನೆಲ್ಲ ಓದಿ ಸೂಚಿ ಸಿದ್ಧಪಡಿಸಲು ಹೊತ್ತು ತೆಗೆದುಕೊಳ್ಳುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಆ ಹೊತ್ತಿನಲ್ಲಿ ಚಾರ್ಜರ್‌ಗೆ ಹಾಕಿ ಬಿಟ್ಟುಬಿಡುವುದು ಸರಿ.

‘ಸೆಂಡ್ ಟು ಕಿಂಡಲ್’ ಮೂಲಕ ಕಳುಹಿಸಿದ ಇಪಬ್ ತಿರಸ್ಕೃತವಾಗಿ ಇ999 ಎಂಬ ದೋಷಸಂಖ್ಯೆಯ ಇ-ಮೇಲ್ ಬಂದರೆ, ಸಾಮಾನ್ಯವಾಗಿ ಕಡತದ ಒಳರಚನೆಯಲ್ಲಿ ಏನೋ ಕೆಟ್ಟಿರುತ್ತದೆ. ಕ್ಯಾಲಿಬರ್‌ನಲ್ಲಿ ಆ ಇಪಬ್ ಅನ್ನು ಮತ್ತೆ ಇಪಬ್‌ಗೇ ಪರಿವರ್ತಿಸಿದರೆ ಒಳಗಿನ ಕಡತಗಳೆಲ್ಲ ಹೊಸದಾಗಿ ಬರೆಯಲ್ಪಡುವುದರಿಂದ ಅನೇಕ ಬಾರಿ ದೋಷ ನಿವಾರಣೆಯಾಗುತ್ತದೆ. ಅದರಿಂದಲೂ ಆಗದಿದ್ದರೆ ಪುಸ್ತಕವನ್ನು ಎಜೆಡ್‌ಡಬ್ಲ್ಯು3 ಮಾಡಿ ಕೇಬಲ್ ಮೂಲಕ ಹಾಕಬೇಕು. ಆ ದಾರಿಯಲ್ಲಿ ಅಮೆಜಾನ್ ಸರ್ವರ್‌ನ ತಪಾಸಣೆ ಅಡ್ಡಬರುವುದಿಲ್ಲ.